ಆಯಿಲ್ ಬೋಲ್ಟು ಎಷ್ಟು ಬಿಗಿಯಬೇಕು?

ಭಾನುವಾರ ಬೆಳಿಗ್ಗೆ ಮಹಾಲಕ್ಷ್ಮಿ ಲೇಔಟಿನ ಯಾವ ಅಡ್ಡರಸ್ತೆಯಲ್ಲಿ ನಡೆದುಹೋದರೂ ಒಂದಲ್ಲ ಒಂದು ಮನೆಯ ಗೇಟಿನೊಳಗೆ ಈ ದೃಶ್ಯ ಕಣ್ಣಿಗೆ ಬೀಳುತ್ತದೆ. ಬೈಕನ್ನು ನಡುವಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಕೆಳಗೆ ಹಳೆಯ ಪತ್ರಿಕೆ ಹಾಸಿ, ಅದರ ಮೇಲೆ ಅಗಲ ಬಾಯಿಯ ಒಂದು ಡಬ್ಬಿ ಇಟ್ಟು, ಮನೆಯ ಯಜಮಾನನೋ ಮಗನೋ ಕುಕ್ಕರಗಾಲಲ್ಲಿ ಕೂತಿರುತ್ತಾನೆ. ಕಪ್ಪು ಆಯಿಲ್ ಮೊದಲು ದಾರವಾಗಿ, ಆಮೇಲೆ ಹನಿಹನಿಯಾಗಿ ಇಳಿದು ನಿಲ್ಲುತ್ತದೆ. ಅಲ್ಲಿಯತನಕ ಎಲ್ಲವೂ ಶಾಂತ. ಬೋಲ್ಟನ್ನು ಒರೆಸಿ ಮತ್ತೆ ಹಾಕುವಾಗ ಮಾತ್ರ ಒಂದು ಸಣ್ಣ ಚರ್ಚೆ ಏಳುತ್ತದೆ. 'ಇನ್ನೊಂಚೂರು ಟೈಟ್ ಮಾಡೋ, ದಾರೀಲಿ ಬಿದ್ದುಹೋದೀತು' ಎನ್ನುತ್ತಾರೆ ಒಬ್ಬರು. 'ಸಾಕು ಬಿಡಪ್ಪಾ, ಥ್ರೆಡ್ ಹೋದೀತು' ಎನ್ನುತ್ತಾರೆ ಇನ್ನೊಬ್ಬರು. ಈ ಎರಡನೆಯವರು ಜಾಲಹಳ್ಳಿಯ ಎಚ್‌ಎಂಟಿಯಲ್ಲೋ, ಪೀಣ್ಯದ ಯಾವುದಾದರೂ ಕಾರ್ಖಾನೆಯಲ್ಲೋ ಮೂವತ್ತು ವರ್ಷ ದುಡಿದು ನಿವೃತ್ತರಾದವರಾಗಿದ್ದರೆ ಆಶ್ಚರ್ಯವಿಲ್ಲ. ಪಶ್ಚಿಮ ಬೆಂಗಳೂರಿನ ಈ ಬಡಾವಣೆಗಳಲ್ಲಿ ಅಂಥವರು ಬೀದಿಗೊಬ್ಬರಂತೆ ಸಿಗುತ್ತಾರೆ.

ಮೋಟಾರಿನ ವಿಷಯ ಅಷ್ಟಾಗಿ ತಿಳಿಯದವರಿಗಾಗಿ ಎರಡು ಮಾತು. ಎಂಜಿನ್ನಿನೊಳಗೆ ತಿರುಗುವ, ತಿಕ್ಕುವ ಭಾಗಗಳು ಸವೆಯದಿರಲೆಂದು ಅದರ ತಳದಲ್ಲಿ ಆಯಿಲ್ ತುಂಬಿರುತ್ತದೆ. ಈ ತಳದ ಪೆಟ್ಟಿಗೆಗೆ ನಮ್ಮ ಮೆಕ್ಯಾನಿಕ್‌ಗಳು 'ಚೇಂಬರ್' ಎನ್ನುತ್ತಾರೆ. ಆಯಿಲ್ ಕೆಟ್ಟಾಗ ಅದನ್ನು ಇಳಿಸಲು ಚೇಂಬರಿನ ಅಡಿಯಲ್ಲಿ ಒಂದು ತೂತು. ಆ ತೂತಿಗೆ ಒಂದು ಬೋಲ್ಟು. ಬೋಲ್ಟಿನ ತಲೆಗೂ ಚೇಂಬರಿಗೂ ನಡುವೆ ಒಂದು ತೆಳುವಾದ ವಾಷರು. ಸಡಿಲವಾದರೆ ಬೋಲ್ಟು ಕಳಚಿ ಬಿದ್ದು, ಆಯಿಲೆಲ್ಲ ರಸ್ತೆಗೆ ಸುರಿದು, ಕೆಲವೇ ನಿಮಿಷದಲ್ಲಿ ಎಂಜಿನ್ ಹಿಡಿದುಕೊಂಡೀತು. ಸುರಿದ ಆಯಿಲ್ ಹಿಂದಿನ ಚಕ್ರಕ್ಕೆ ತಾಗಿದರಂತೂ ಸವಾರನ ಪ್ರಾಣಕ್ಕೇ ಸಂಚಕಾರ. ಬಿಗಿ ಹೆಚ್ಚಾದರೆ ತೂತಿನೊಳಗಿನ ಥ್ರೆಡ್ಡು ಕಿತ್ತುಬಂದು ಚೇಂಬರೇ ಹಾಳು. ಹಾಗಾಗಿ ಮೇಲಿನ ಚರ್ಚೆಯಲ್ಲಿ ಇಬ್ಬರ ಭಯವೂ ನಿಜವಾದದ್ದೇ. ಆದರೆ ಲೇತ್ ಅಂಗಡಿಗೆ ಬರುವ ಎಂಜಿನ್ನುಗಳ ರೋಗ ಬಹುಪಾಲು ಎರಡನೆಯದು. ಸಡಿಲ ಬಿಟ್ಟು ಕೆಡಿಸುವವರಿಗಿಂತ ಬಿಗಿದು ಕೆಡಿಸುವವರೇ ಹೆಚ್ಚು. ಬಲವಾದ ಕೈಗೆ, ಅನುಭವದ ಕೈಗೂ, ಈ ತಪ್ಪು ಏಕೆ ಆಗುತ್ತದೆ ಎಂಬುದಕ್ಕೆ ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ಹಳ್ಳಿಗಳ ಹಳೆಯ ಯಂತ್ರಗಳಲ್ಲಿ ತಿರುಪು ಇರಲಿಲ್ಲ. ಎತ್ತಿನ ಬಂಡಿಯನ್ನೇ ನೋಡಿ. ಚಕ್ರ ಅಚ್ಚಿನಿಂದ ಕಳಚದಂತೆ ತಡೆಯುತ್ತಿದ್ದದ್ದು ಕಡಾಣಿ. ಅದನ್ನು ತಿರುಗಿಸಿ ಬಿಗಿಯುವಂತಿಲ್ಲ, ತೂತಿಗೆ ತೂರಿಸಿ ಬಿಟ್ಟರೆ ಆಯಿತು. ನೇಗಿಲಿಗೆ, ಗಾಣಕ್ಕೆ, ಮನೆಯ ಬಾಗಿಲ ಚೌಕಟ್ಟಿಗೆ ಬೆಣೆ, ಗೂಟ, ಕೀಲು. ಮರ ಮರವನ್ನು ಕಚ್ಚಿ ಹಿಡಿಯುತ್ತಿತ್ತು. ಅಚ್ಚು ಸವೆಯದಂತೆ ಹಚ್ಚುತ್ತಿದ್ದದ್ದು ಕೀಲೆಣ್ಣೆ: ಹರಳೆಣ್ಣೆಗೆ ಮಸಿ ಕಲಸಿದ ಕಪ್ಪು ಜಿಡ್ಡು. ಇಂದಿನ ಎಂಜಿನ್ ಆಯಿಲಿನ ಅಜ್ಜ ಅದು ಎಂದರೆ ಹಾಸ್ಯವಲ್ಲ. 1909ರಲ್ಲಿ ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿ ತನ್ನ ಮೋಟಾರು ಎಣ್ಣೆಗೆ ಕ್ಯಾಸ್ಟ್ರಾಲ್ ಎಂದು ಹೆಸರಿಟ್ಟದ್ದು ಅದರಲ್ಲಿದ್ದ ಕ್ಯಾಸ್ಟರ್ ಎಣ್ಣೆಯಿಂದಾಗಿ. ಅಂದರೆ ನಮ್ಮ ಹರಳೆಣ್ಣೆಯಿಂದಾಗಿ. ಮೊದಲ ಮಹಾಯುದ್ಧದ ಎಷ್ಟೋ ವಿಮಾನಗಳು ಇದೇ ಹರಳೆಣ್ಣೆ ಕುಡಿದು ಹಾರಿದವು.

ಬಿಗಿತದ ಲೆಕ್ಕಾಚಾರ ಆಗ ಇರಲಿಲ್ಲವೆಂದಲ್ಲ. ಬಂಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹೊದಿಸುವ ದಿನ ಕಮ್ಮಾರನ ಮುಂದೆ ಊರ ಮಕ್ಕಳೆಲ್ಲ ಸೇರುತ್ತಿದ್ದರು. ಪಟ್ಟಿಯನ್ನು ಚಕ್ರಕ್ಕಿಂತ ತುಸು ಚಿಕ್ಕದಾಗಿ ಮಾಡಿ, ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಹಿಗ್ಗಿಸಿ, ಚಕ್ರಕ್ಕೆ ತೊಡಿಸಿ ನೀರೆರೆಯುತ್ತಿದ್ದ. ಕಬ್ಬಿಣ ಕುಗ್ಗಿ ಮರವನ್ನು ಅಪ್ಪುತ್ತಿತ್ತು. ಪಟ್ಟಿ ಸ್ವಲ್ಪ ದೊಡ್ಡದಾದರೆ ನಾಲ್ಕು ದಿನದಲ್ಲಿ ಉದುರುತ್ತದೆ. ಬಹಳ ಚಿಕ್ಕದಾದರೆ ಅರಗಳು ನುಜ್ಜಾಗಿ ಚಕ್ರವೇ ಸೊಟ್ಟಗಾಗುತ್ತದೆ. ಎಷ್ಟು ಚಿಕ್ಕದು ಸರಿ ಎಂಬುದು ಕಮ್ಮಾರನ ಕಣ್ಣಿಗೆ ಗೊತ್ತಿತ್ತು, ಕಾಗದದಲ್ಲಿ ಎಲ್ಲೂ ಬರೆದಿರಲಿಲ್ಲ. ಬಿಗಿಯುವುದೆಂದರೆ ಬಲ ತೋರಿಸುವುದಲ್ಲ, ಎರಡು ವಸ್ತುಗಳು ಒಂದನ್ನೊಂದು ಎಷ್ಟು ಸಹಿಸಬಲ್ಲವು ಎಂದು ಅರಿಯುವುದು ಎಂಬ ತಿಳಿವಳಿಕೆ ಅವನದು.

ಕಬ್ಬಿಣದ ಬೋಲ್ಟು ನಟ್ಟುಗಳು ನಮ್ಮ ಸೀಮೆಗೆ ದೊಡ್ಡ ಪ್ರಮಾಣದಲ್ಲಿ ಬಂದದ್ದು ರೈಲಿನ ಜೊತೆ. ಬೆಂಗಳೂರು ದಂಡು ಪ್ರದೇಶಕ್ಕೆ ಜೋಲಾರ್‌ಪೇಟೆಯಿಂದ ರೈಲು ಬಂದದ್ದು 1864ರಲ್ಲಿ. ಅಷ್ಟು ಹೊತ್ತಿಗೆ ಇಂಗ್ಲೆಂಡಿನಲ್ಲಿ ಬೋಲ್ಟುಗಳ ರಾಜ್ಯಭಾರ ಜೋಸೆಫ್ ವಿಟ್‌ವರ್ತ್ ಎಂಬ ಮಹಾ ಯಂತ್ರಶಿಲ್ಪಿಯ ಕೈಯಲ್ಲಿತ್ತು. ಅದಕ್ಕೆ ಮುಂಚೆ ಒಂದೊಂದು ಕಾರ್ಖಾನೆಯ ಥ್ರೆಡ್ಡು ಒಂದೊಂದು ರೀತಿ. ಒಂದರ ಬೋಲ್ಟು ಇನ್ನೊಂದರ ನಟ್ಟಿಗೆ ಕೂರುತ್ತಿರಲಿಲ್ಲ. ವಿಟ್‌ವರ್ತ್ ಹಲವು ಕಾರ್ಖಾನೆಗಳ ತಿರುಪುಗಳನ್ನು ತರಿಸಿ, ಅಳೆದು, ಸರಾಸರಿ ತೆಗೆದು, 1841ರಲ್ಲಿ ಒಂದು ಪದ್ಧತಿಯನ್ನು ಮುಂದಿಟ್ಟ. ಅದರಲ್ಲಿ ಥ್ರೆಡ್ಡಿನ ಹಲ್ಲುಗಳ ನಡುವಿನ ಕೋನ 55 ಡಿಗ್ರಿ. ಬೆಂಗಳೂರಿಗೆ ರೈಲು ಬಂದ ವರ್ಷವೇ, 1864ರಲ್ಲಿ, ಅಮೆರಿಕದ ಫಿಲಡೆಲ್ಫಿಯಾದಲ್ಲಿ ವಿಲಿಯಂ ಸೆಲ್ಲರ್ಸ್ ಎಂಬಾತ 60 ಡಿಗ್ರಿಯ ಬೇರೊಂದು ಪದ್ಧತಿಯನ್ನು ಸೂಚಿಸಿದ. ಯುರೋಪ್ ಖಂಡದ ದೇಶಗಳು ಮಿಲಿಮೀಟರ್ ಲೆಕ್ಕ ಹಿಡಿದವು. ಕೇವಲ ಐದು ಡಿಗ್ರಿಯ ಈ ಜಗಳ ಎರಡನೇ ಮಹಾಯುದ್ಧದ ಹೊತ್ತಿಗೆ ದುಬಾರಿಯಾಯಿತು. ಒಂದೇ ಪಕ್ಷದಲ್ಲಿ ಹೋರಾಡುತ್ತಿದ್ದ ಬ್ರಿಟಿಷರ ಬೋಲ್ಟು ಅಮೆರಿಕನ್ನರ ಯಂತ್ರಕ್ಕೆ ಕೂರದೆ ಬಿಡಿಭಾಗಗಳನ್ನು ಎರಡೆರಡು ಬಗೆಯಲ್ಲಿ ಸಾಗಿಸಬೇಕಾಯಿತು. 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಕೂತು ಒಂದು ಒಪ್ಪಂದಕ್ಕೆ ಬಂದವು. ಭಾರತ 1958ರ ಅಕ್ಟೋಬರಿನಿಂದ ಮೆಟ್ರಿಕ್ ತೂಕ-ಅಳತೆಗೆ ಹೊರಳಿತು. ತಿರುಪುಗಳೂ ಕಾಲಕ್ರಮದಲ್ಲಿ ಮಿಲಿಮೀಟರಿಗೆ ಬಂದವು.

ಕಾಗದದಲ್ಲಿ ಬದಲಾದದ್ದು ಗ್ಯಾರೇಜಿನಲ್ಲಿ ಅಷ್ಟು ಬೇಗ ಬದಲಾಗಲಿಲ್ಲ. 1960-70ರ ದಶಕದ ಬೆಂಗಳೂರಿನ ಮೆಕ್ಯಾನಿಕ್ಕಿನ ಪೆಟ್ಟಿಗೆ ಒಂದು ಪುಟ್ಟ ವಿಶ್ವಸಂಸ್ಥೆ. ಮದರಾಸಿನಲ್ಲಿ 1955ರಿಂದ ತಯಾರಾಗುತ್ತಿದ್ದ ಎನ್‌ಫೀಲ್ಡ್ ಬುಲೆಟ್ ಮೂಲತಃ ಬ್ರಿಟಿಷ್ ಕೂಸು. ಅದಕ್ಕೆ ಬ್ರಿಟಿಷ್ ಥ್ರೆಡ್ಡು. ಅಂಬಾಸಿಡರ್ ಕಾರಿಗೆ ಇಂಚಿನ ಸ್ಪ್ಯಾನರು. ಇಟಲಿ ಮೂಲದ ಫಿಯಟ್‌ಗೆ ಮಿಲಿಮೀಟರು. 1961ರ ಸುಮಾರಿಗೆ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬರತೊಡಗಿದ ಜಾವಾ ಮೋಟಾರ್ ಸೈಕಲ್ ಜೆಕೊಸ್ಲೊವಾಕಿಯಾದ್ದು; ಅದಕ್ಕೂ ಮಿಲಿಮೀಟರು. ಹತ್ತಿರ ಹತ್ತಿರ ಕೂರುವ ತಪ್ಪು ಸ್ಪ್ಯಾನರ್ ಹಾಕಿ ಬೋಲ್ಟಿನ ಮೂಲೆ ಸವೆಸುವುದು, ಹತ್ತಿರ ಹತ್ತಿರ ಕೂರುವ ತಪ್ಪು ಬೋಲ್ಟನ್ನು ಎರಡು ಸುತ್ತು ಒಳಗೆ ಕಳಿಸಿ, ಮೂರನೆಯದಕ್ಕೆ ಅದು ಗಟ್ಟಿಯಾದಾಗ 'ಟೈಟ್ ಆಯಿತು' ಎಂದು ಭ್ರಮಿಸುವುದು ಆಗಿನ ನಿತ್ಯದ ಕಷ್ಟ. ಇದು ಇಂದಿಗೂ ಪೂರ್ತಿ ತೀರಿಲ್ಲ. 12 ಮಿಲಿಮೀಟರ್ ದಪ್ಪದ ಬೋಲ್ಟಿನಲ್ಲೇ ಒಂದೂಕಾಲು ಮಿಲಿಮೀಟರ್ ಅಂತರದ ಥ್ರೆಡ್ಡೂ ಇದೆ, ಒಂದೂವರೆ ಮಿಲಿಮೀಟರಿನದೂ ಇದೆ. ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ನೋಡಿದರೆ ಎರಡೂ ಒಂದೇ ಎನ್ನಿಸುತ್ತದೆ. ಹಳೆಯ ಬೋಲ್ಟನ್ನು ಜೊತೆಗೊಯ್ದು, ಎರಡರ ಹಲ್ಲುಗಳನ್ನೂ ಒಂದಕ್ಕೊಂದು ಒತ್ತಿ ಬೆಳಕಿಗೆ ಹಿಡಿದು ನೋಡಿಯೇ ತರಬೇಕು.

ಇನ್ನು ನಮ್ಮ ಊರಿನ ಕೈಗಳ ಕಥೆ. 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಆರಂಭವಾಯಿತು. ಯಂತ್ರಗಳನ್ನು ತಯಾರಿಸುವ ಯಂತ್ರಗಳನ್ನು, ಅಂದರೆ ಲೇತು ಮೊದಲಾದವನ್ನು ಅಲ್ಲಿ ಕಟ್ಟಲಾಯಿತು. ರಾಜಾಜಿನಗರದಲ್ಲಿ ಕೈಗಾರಿಕಾ ವಸಾಹತು ಬೆಳೆಯಿತು. ಸಣ್ಣ ಕೈಗಾರಿಕೆಗಳಿಗೆ ಶೆಡ್ಡು ಒದಗಿಸಲು 1960ರಲ್ಲಿ ಸ್ಥಾಪನೆಯಾದ ರಾಜ್ಯ ನಿಗಮದ ಕಚೇರಿಯೂ ಅಲ್ಲೇ ಬಂತು. ಮುಂದೆ ತುಮಕೂರು ರಸ್ತೆಯುದ್ದಕ್ಕೂ ಪೀಣ್ಯ, ಈಚೆ ಮಾಗಡಿ ರಸ್ತೆಯ ಕಡೆಗೆ ಕಾಮಾಕ್ಷಿಪಾಳ್ಯ. ಈ ಕಾರ್ಖಾನೆಗಳ ನಡುವೆ, ಅವುಗಳಲ್ಲಿ ದುಡಿಯುವ ಜನರಿಗಾಗಿಯೂ, ಬಡಾವಣೆಗಳು ಎದ್ದವು. ಐಟಿಐಯಲ್ಲಿ ಫಿಟ್ಟರ್, ಟರ್ನರ್ ಕೋರ್ಸು ಮುಗಿಸಿ ಬಂದ ಹಳ್ಳಿಯ ಹುಡುಗರು ಇಲ್ಲಿ ಸ್ಪ್ಯಾನರು ಹಿಡಿದು ಕೈ ಪಳಗಿಸಿಕೊಂಡರು. ಅವರ ಕೈ ಪಳಗಿದ್ದು ಹೆಚ್ಚಾಗಿ ಎರಡು ಲೋಹಗಳ ಮೇಲೆ: ಉಕ್ಕು ಮತ್ತು ಬೀಡುಕಬ್ಬಿಣ.

ಇಲ್ಲಿ ಒಂದು ಸೂಕ್ಷ್ಮವಿದೆ. ಈ ಲೇಖನದ ಜೀವಾಳವೇ ಅದು. ಸ್ಪ್ಯಾನರುಗಳ ಸೆಟ್ಟನ್ನು ಸಾಲಾಗಿ ಜೋಡಿಸಿ ನೋಡಿ. ಬಾಯಿ ಚಿಕ್ಕದಿದ್ದರೆ ಹಿಡಿಯೂ ಚಿಕ್ಕದು, ಬಾಯಿ ದೊಡ್ಡದಾದಂತೆ ಹಿಡಿಯೂ ಉದ್ದ. ಸಣ್ಣ ಬೋಲ್ಟಿಗೆ ಸಣ್ಣ ಬಲ, ದೊಡ್ಡ ಬೋಲ್ಟಿಗೆ ದೊಡ್ಡ ಬಲ ತಾನಾಗಿಯೇ ಬೀಳಲಿ ಎಂಬ ಜಾಣತನ ಅದರಲ್ಲಿದೆ. ಸಾಮಾನ್ಯ ಮನುಷ್ಯ ಸಹಜವಾಗಿ ಎಳೆದರೆ ಬೋಲ್ಟು ಸುಮಾರಾಗಿ ಸರಿಯಾದ ಬಿಗಿತಕ್ಕೆ ಬರುತ್ತದೆ. ಆದರೆ ಈ ಹೊಂದಾಣಿಕೆಯೆಲ್ಲ ಉಕ್ಕಿನ ಬೋಲ್ಟು ಉಕ್ಕಿನ ನಟ್ಟಿಗೆ ಕೂರುವ ಲೋಕದ್ದು. 12 ಮಿಲಿಮೀಟರಿನ ಸಾಮಾನ್ಯ ಗಟ್ಟಿ ಉಕ್ಕಿನ ಬೋಲ್ಟು ಉಕ್ಕಿನೊಳಗೆ 80 ನ್ಯೂಟನ್ ಮೀಟರ್‌ನಷ್ಟು ತಿರುಚು ಬಲವನ್ನು ನಿರಾಯಾಸವಾಗಿ ತಾಳುತ್ತದೆ. ನಮ್ಮ ಬೈಕಿನ ಆಯಿಲ್ ಬೋಲ್ಟೂ ಅದೇ ಗಾತ್ರದ್ದು. ತಲೆ ಅದೇ 17ರ ಸ್ಪ್ಯಾನರಿಗೆ ಕೂರುತ್ತದೆ. ಆದರೆ ಅದು ಕೂರುವ ಚೇಂಬರು ಅಲ್ಯೂಮಿನಿಯಂ. ಅಲ್ಲಿ ಕಂಪನಿ ಕೇಳುವುದು 24ರ ಆಸುಪಾಸು. ಉಕ್ಕಿನಲ್ಲಿ ಪಳಗಿದ ಕೈ ಆ ದೊಡ್ಡ ತಲೆಯನ್ನು ಕಂಡು, ಆ ಉದ್ದ ಸ್ಪ್ಯಾನರನ್ನು ಹಿಡಿದು, ತನಗೆ ಗೊತ್ತಿರುವಷ್ಟು ಎಳೆದರೆ ಮೂರು ಪಟ್ಟು ಹೆಚ್ಚಾಯಿತು. ಕೈ ಕಲಿತದ್ದು ಸುಳ್ಳಲ್ಲ, ಎದುರಿಗಿದ್ದ ಲೋಹ ಬೇರೆಯಾಯಿತು ಅಷ್ಟೆ.

ಅಲ್ಯೂಮಿನಿಯಂ ಜೊತೆ ಹೇಗೆ ನಡೆದುಕೊಳ್ಳಬೇಕೆಂದು ಬೆಂಗಳೂರು ಮೊದಲು ಕಲಿತ ಜಾಗ ಊರಿನ ಆ ತುದಿಯಲ್ಲಿದೆ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ನೆರವಿನಿಂದ ಆರಂಭಿಸಿದ ಹಿಂದುಸ್ತಾನ್ ಏರ್‌ಕ್ರಾಫ್ಟ್, ಯುದ್ಧ ಕಾಲದಲ್ಲಿ ಅಮೆರಿಕದ ವಿಮಾನಗಳ ದುರಸ್ತಿ ಕೇಂದ್ರವಾಯಿತು. ಬೆಳ್ಳಂದೂರು ಕೆರೆಯ ನೀರಿನ ಮೇಲೆ ಕ್ಯಾಟಲೀನಾ ವಿಮಾನಗಳು ಇಳಿಯುತ್ತಿದ್ದ ಕಾಲ ಅದು. (ಇಂದಿನ ಆ ಕೆರೆಯ ನೊರೆಯನ್ನು ನೋಡಿದವರಿಗೆ ನಂಬುವುದು ಕಷ್ಟ.) ವಿಮಾನದ ಮೈ ಅಲ್ಯೂಮಿನಿಯಂ, ಎಂಜಿನ್ನಿನ ಕವಚವೂ ಬಹುಪಾಲು ಹಗುರ ಲೋಹ. ಅಲ್ಲಿ ಬೋಲ್ಟು ಬಿಗಿಯುವುದು ಕೈಯ ಅಂದಾಜಿಗೆ ಬಿಟ್ಟ ವಿಷಯವಲ್ಲ. ಇಂತಿಷ್ಟು ಬಲ ಎಂದು ಕೈಪಿಡಿ ಹೇಳುತ್ತದೆ, ಬಿಗಿದ ಮೇಲೆ ಸಡಿಲವಾಗದಂತೆ ತಲೆಗೆ ತೂತು ಕೊರೆದು ತಂತಿ ಕಟ್ಟುತ್ತಾರೆ. ನಮ್ಮ ಮನೆಯಲ್ಲಿ 'ಬಿದ್ದುಹೋದೀತು' ಎಂಬ ಭಯಕ್ಕೆ ಇನ್ನಷ್ಟು ಬಿಗಿಯುತ್ತೇವೆ. ವಿಮಾನದವರು ಅದೇ ಭಯಕ್ಕೆ ತಂತಿ ಕಟ್ಟಿದರು. ಬಿಗಿಯುವ ಕೆಲಸವನ್ನೂ ಕಾಯುವ ಕೆಲಸವನ್ನೂ ಬೇರೆ ಬೇರೆ ಮಾಡಿದ್ದು ದೊಡ್ಡ ವಿವೇಕ.

ಬಿಗಿತವನ್ನು ಸಂಖ್ಯೆಯಲ್ಲಿ ತೋರಿಸುವ ಸ್ಪ್ಯಾನರು, ಅಂದರೆ ಟಾರ್ಕ್ ವ್ರೆಂಚ್, ಅಷ್ಟೇನೂ ಹಳೆಯದಲ್ಲ. ನ್ಯೂಯಾರ್ಕ್ ನಗರದ ನೀರು ಸರಬರಾಜು ಇಲಾಖೆಯಲ್ಲಿದ್ದ ಕಾನ್ರಾಡ್ ಬಾರ್ ಎಂಬಾತ 1918ರಲ್ಲಿ ತಾನೇ ಮೊದಲು ಇದನ್ನು ರೂಪಿಸಿದೆನೆಂದು ಹೇಳಿಕೊಂಡಿದ್ದಾನೆ. ನೀರಿನ ದೊಡ್ಡ ಕೊಳವೆಗಳ ಜೋಡಣೆಯಲ್ಲಿ ಕೆಲಸಗಾರರು ಬೋಲ್ಟುಗಳನ್ನು ಅತಿಯಾಗಿ ಬಿಗಿದು ಮುರಿಯುವುದನ್ನು ತಪ್ಪಿಸುವುದು ಅವನ ಉದ್ದೇಶವಾಗಿತ್ತು. ಗಮನಿಸಿ, ಸಡಿಲವಾಗುವುದರ ಚಿಂತೆಯಿಂದ ಹುಟ್ಟಿದ ಸಾಧನವಲ್ಲ ಇದು. 1930ರ ದಶಕದಲ್ಲಿ ಅಮೆರಿಕದ ಮೋಟಾರು ಉದ್ಯಮದಲ್ಲಿ ಇದು ಹಬ್ಬಿತು. ನಮ್ಮಲ್ಲಿ ಕಾರ್ಖಾನೆಗಳ ಒಳಗೆ ಬಂದರೂ ಬೀದಿಬದಿಯ ಗ್ಯಾರೇಜಿಗೆ ಬರಲಿಲ್ಲ. ಬರಬೇಕಾದ ಅಗತ್ಯವೂ ಬಹುಕಾಲ ಅಷ್ಟಾಗಿ ಕಾಣಲಿಲ್ಲ.

ಏಕೆಂದರೆ ಆ ಕಾಲದ ನಮ್ಮ ದ್ವಿಚಕ್ರಗಳು ಹೆಚ್ಚಿನವು ಟೂ-ಸ್ಟ್ರೋಕ್. ಲ್ಯಾಂಬ್ರೆಟ್ಟಾ, 1972ರಲ್ಲಿ ಬಂದ ಬಜಾಜ್ ಚೇತಕ್, ಜಾವಾ, ಅದರ ಮುಂದಿನ ಅವತಾರ ಯೆಜ್ಡಿ, ಎಲ್ಲಕ್ಕೂ ಆಯಿಲನ್ನು ಪೆಟ್ರೋಲಿಗೇ ಬೆರೆಸಿ ಕುಡಿಸುವುದು. ಪೆಟ್ರೋಲ್ ಬಂಕಿನಲ್ಲಿ ಪೆಟ್ರೋಲಿನ ಜೊತೆ ಆಯಿಲನ್ನೂ ಅಳೆದು ಹಾಕಿ, ಗಾಡಿಯನ್ನು ಅತ್ತಿತ್ತ ಅಲ್ಲಾಡಿಸುತ್ತಿದ್ದದ್ದು ಐವತ್ತು ದಾಟಿದ ಓದುಗರಿಗೆ ನೆನಪಿರಬೇಕು. ಆ ಆಯಿಲ್ ಉರಿದು ನೀಲಿ ಹೊಗೆಯಾಗಿ ಹೋಗುತ್ತಿತ್ತು. ಇಳಿಸುವ ಪ್ರಶ್ನೆಯೇ ಇಲ್ಲ. ಗೇರ್ ಪೆಟ್ಟಿಗೆಗೆ ಬೇರೆ ಆಯಿಲ್, ಅದಕ್ಕೊಂದು ಬೋಲ್ಟು ಇದ್ದದ್ದು ನಿಜ. ಆದರೆ ಅದನ್ನು ಬಿಚ್ಚುತ್ತಿದ್ದದ್ದು ಅಪರೂಪಕ್ಕೆ, ಅದೂ ಬಹುಪಾಲು ಮೆಕ್ಯಾನಿಕ್ಕೇ.

1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು. ನೂರು ಸಿಸಿಗೂ ತುಸು ಕಡಿಮೆಯ ಫೋರ್-ಸ್ಟ್ರೋಕ್ ಎಂಜಿನ್ನು. ಪೆಟ್ರೋಲ್ ತುಂಬಿಸಿ, ಮುಚ್ಚಿ, ಮರೆತುಬಿಡಿ ಎಂದು ಜಾಹೀರಾತು ಹೇಳಿತು. ಜನ ಅದನ್ನು ಅಕ್ಷರಶಃ ನಂಬಿ ಆಯಿಲನ್ನೂ ಮರೆತದ್ದುಂಟು. ಮರೆಯುವಂತಿರಲಿಲ್ಲ: ಈ ಎಂಜಿನ್ನಿನ ತಳದಲ್ಲಿ ಲೀಟರಿಗೂ ತುಸು ಕಡಿಮೆ ಆಯಿಲ್ ನಿಂತಿರುತ್ತದೆ, ಕೆಲವು ಸಾವಿರ ಕಿಲೋಮೀಟರಿಗೊಮ್ಮೆ ಅದನ್ನು ಇಳಿಸಿ ಹೊಸದು ತುಂಬಬೇಕು. 1994ರಲ್ಲಿ ಸ್ಪ್ಲೆಂಡರ್ ಬಂದ ಮೇಲೆ ಈ ಜಾತಿಯ ಎಂಜಿನ್ನು ಮನೆಮನೆ ಸೇರಿತು. 1991ರಲ್ಲಿ ಶುರುವಾಗಿ 1996ರಲ್ಲಿ, ಮತ್ತೆ 2000ದಲ್ಲಿ ಕಠಿಣವಾದ ಹೊಗೆ ನಿಯಮಗಳು ಟೂ-ಸ್ಟ್ರೋಕ್‌ಗಳನ್ನು ಹಿಂದಕ್ಕೆ ತಳ್ಳಿದವು. ಮೈಸೂರಿನ ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಮುಚ್ಚಿತು. ಹೀಗೆ ಹದಿನೈದೇ ವರ್ಷದಲ್ಲಿ ನಮ್ಮ ಮಧ್ಯಮ ವರ್ಗದ ಪ್ರತಿ ಮನೆಯ ಮುಂದೆಯೂ ಅಲ್ಯೂಮಿನಿಯಂನ ಒಂದು ತೂತು, ಅದಕ್ಕೊಂದು ಉಕ್ಕಿನ ಬೋಲ್ಟು ಬಂದು ನಿಂತವು. ವರ್ಷಕ್ಕೆ ಮೂರು ನಾಲ್ಕು ಸಲ ಅದನ್ನು ಬಿಚ್ಚಿ ಬಿಗಿಯುವುದು ಭಾನುವಾರದ ಕೆಲಸವಾಯಿತು. ಬಿಗಿಯುವ ಕೈ ಮಾತ್ರ ಹಳೆಯ ಲೋಹದ ಕಾಲದ್ದೇ.

ಬೋಲ್ಟು ಹೇಗೆ ಹಿಡಿಯುತ್ತದೆ ಎಂಬುದನ್ನು ಈಗ ಸ್ವಲ್ಪ ನೋಡೋಣ. ಬೋಲ್ಟು ಒಂದು ಗಟ್ಟಿ ಸ್ಪ್ರಿಂಗು. ತಲೆ ವಾಷರಿಗೆ ತಾಗಿದ ಮೇಲೂ ತಿರುಗಿಸಿದರೆ ಅದು ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ. ಹಿಗ್ಗಿದ್ದು ಕುಗ್ಗಲು ನೋಡುತ್ತದೆ. ಆ ಸೆಳೆತವೇ ಬಿಗಿತ. ನಾವು ಕೈಯಿಂದ ಹಾಕುವ ಬಲವೆಲ್ಲ ಈ ಸೆಳೆತಕ್ಕೆ ಹೋಗುತ್ತದೆಂದು ತಿಳಿದರೆ ತಪ್ಪು. ರೂಪಾಯಿ ಲೆಕ್ಕದಲ್ಲಿ ಹೇಳುವುದಾದರೆ, ಸುಮಾರು ಐವತ್ತು ಪೈಸೆ ತಲೆಯ ಕೆಳಗಿನ ತಿಕ್ಕಾಟ ತಿನ್ನುತ್ತದೆ, ನಲವತ್ತು ಪೈಸೆ ಥ್ರೆಡ್ಡಿನ ತಿಕ್ಕಾಟ ತಿನ್ನುತ್ತದೆ. ಕೆಲಸಕ್ಕೆ ಉಳಿಯುವುದು ಹತ್ತು ಪೈಸೆ. ಈಗ ಜಿಡ್ಡಿನಿಂದಾಗಿ ತಿಕ್ಕಾಟ ತೊಂಬತ್ತರಿಂದ ಎಂಬತ್ತಕ್ಕೆ ಇಳಿಯಿತೆನ್ನಿ. ಉಳಿತಾಯ ಹತ್ತರಿಂದ ಇಪ್ಪತ್ತಾಯಿತು, ಅಂದರೆ ಕೈ ಹಾಕಿದ ಬಲ ಅಷ್ಟೇ ಇದ್ದರೂ ಬೋಲ್ಟಿನ ಸೆಳೆತ ಎರಡರಷ್ಟಾಯಿತು. ಆಯಿಲ್ ಬೋಲ್ಟಿನಷ್ಟು ಜಿಡ್ಡಾದ ಬೋಲ್ಟು ಇಡೀ ಗಾಡಿಯಲ್ಲಿ ಬೇರೊಂದಿಲ್ಲ. ಬಟ್ಟೆಯಿಂದ ಚೆನ್ನಾಗಿ ಒರೆಸಿ ಹಾಕಿ ಎಂದು ಹಿರಿಯ ಮೆಕ್ಯಾನಿಕ್‌ಗಳು ಹೇಳುವುದು ಬರೀ ಚೊಕ್ಕಟತನಕ್ಕಲ್ಲ.

ಇನ್ನೊಂದು ವಿಷಯ. ಹತ್ತು ಸುತ್ತು ಥ್ರೆಡ್ಡಿದ್ದರೆ ಹತ್ತೂ ಸಮನಾಗಿ ಭಾರ ಹೊರುತ್ತವೆ ಎಂದು ನಾವು ಭಾವಿಸುತ್ತೇವೆ. ಹಾಗಿಲ್ಲ. ತಲೆಯ ಹತ್ತಿರದ ಮೊದಲ ಸುತ್ತೇ ಮೂರರಲ್ಲೊಂದು ಪಾಲು ಹೊರುತ್ತದೆ. ಅತಿಯಾಗಿ ಬಿಗಿದಾಗ ಮೊದಲು ಸೋಲುವುದು ಆ ಸುತ್ತು, ಆಮೇಲೆ ಅದರ ಹಿಂದಿನದು. ಒಂದೇ ದಿನದಲ್ಲಿ ಕಿತ್ತುಬರಬೇಕೆಂದೇನೂ ಇಲ್ಲ. ಎಂಟು ಸಲ ಅತಿಯಾಗಿ ಬಿಗಿದದ್ದು ಒಬ್ಬರು, ಒಂಬತ್ತನೆಯ ಸಲ ಹದವಾಗಿಯೇ ಬಿಗಿದದ್ದು ಇನ್ನೊಬ್ಬರು. ಥ್ರೆಡ್ಡು ಕೈಗೆ ಬರುವುದು ಒಂಬತ್ತನೆಯವರಿಗೆ. ಗ್ಯಾರೇಜಿನ ಹುಡುಗರು ತಿನ್ನುವ ಎಷ್ಟೋ ಬೈಗುಳಗಳು ಹೀಗೆ ಬೇರೆಯವರಿಗೆ ಸಲ್ಲಬೇಕಾದವು.

ಬಿಗಿ ಹೆಚ್ಚಿಸಲು ನಮ್ಮನ್ನು ಪ್ರೇರೇಪಿಸುವುದು ಬಹುಮಟ್ಟಿಗೆ ಆ ಬಡಪಾಯಿ ವಾಷರು. ಆಯಿಲ್ ಸೋರದಂತೆ ತಡೆಯುವುದು ಬೋಲ್ಟಲ್ಲ, ವಾಷರು. ತಾಮ್ರದ್ದೋ ಅಲ್ಯೂಮಿನಿಯಂನದೋ ಆದ ಈ ಮೆದು ಬಳೆ, ಬಿಗಿದಾಗ ತುಸು ಅಪ್ಪಚ್ಚಿಯಾಗಿ ಎರಡೂ ಕಡೆಯ ಸಣ್ಣ ಏರುತಗ್ಗುಗಳಲ್ಲಿ ತುಂಬಿಕೊಳ್ಳುತ್ತದೆ. ಒಮ್ಮೆ ಒತ್ತಿಸಿಕೊಂಡ ಲೋಹ ಗಡಸಾಗುತ್ತದೆ, ಎರಡನೆಯ ಸಲ ಅಷ್ಟು ಮೆದುವಾಗಿ ಕೂರುವುದಿಲ್ಲ. ಹಳೆಯ ವಾಷರನ್ನೇ ಹಾಕುತ್ತೇವೆ, ಎರಡು ದಿನಕ್ಕೆ ಒಂದು ಹನಿ ಇಣುಕುತ್ತದೆ, 'ಸಡಿಲ ಇರಬೇಕು' ಎಂದು ಇನ್ನೊಂದು ಎಳೆತ ಎಳೆಯುತ್ತೇವೆ. ಹನಿ ನಿಲ್ಲುತ್ತದೆ, ಥ್ರೆಡ್ಡು ಸಾಯುತ್ತದೆ. ಕೆಲವೇ ರೂಪಾಯಿಯ ವಾಷರನ್ನು ಉಳಿಸಿ ಚೇಂಬರನ್ನು ಕಳೆದುಕೊಳ್ಳುವ ಈ ವ್ಯಾಪಾರ ನಮ್ಮಲ್ಲಿ ಬಹಳ. ಹಳೆಯ ಮಿಸ್ತ್ರಿಗಳಿಗೆ ಒಂದು ಉಪಾಯ ಗೊತ್ತಿತ್ತು: ಹೊಸ ವಾಷರು ಸಿಗದಿದ್ದರೆ ತಾಮ್ರದ ಹಳೆಯ ವಾಷರನ್ನು ಇಕ್ಕಳದಲ್ಲಿ ಹಿಡಿದು ಕೆಂಪಗೆ ಕಾಯಿಸಿ ತಣಿಸುವುದು. ತಾಮ್ರ ಮತ್ತೆ ಮೆದುವಾಗುತ್ತದೆ. ಪಾತ್ರೆ ಬಡಿಯುವ ಕಂಚುಗಾರರೂ ಅಕ್ಕಸಾಲಿಗರೂ ಶತಮಾನಗಳಿಂದ ಮಾಡುತ್ತ ಬಂದದ್ದು ಇದನ್ನೇ. ಅಲ್ಯೂಮಿನಿಯಂ ವಾಷರಿನ ಮೇಲೆ ಮಾತ್ರ ಈ ಪ್ರಯೋಗ ಬೇಡ. ಅದು ಕೆಂಪಾಗುವ ಮುನ್ನವೇ ಕರಗಿಹೋಗುತ್ತದೆ.

ಹಾಗಾದರೆ ಎಷ್ಟು? ಸಣ್ಣ ಬೈಕುಗಳ ಎಂಜಿನ್ನಿಗೆ ಸಾಮಾನ್ಯವಾಗಿ 20ರಿಂದ 30 ನ್ಯೂಟನ್ ಮೀಟರ್, ಸಣ್ಣ ಕಾರುಗಳಿಗೆ 30ರಿಂದ 50. ನಿಮ್ಮ ಗಾಡಿಯ ಖಚಿತ ಸಂಖ್ಯೆ ಅದರ ಕೈಪಿಡಿಯಲ್ಲಿರುತ್ತದೆ, ಅದೇ ಪ್ರಮಾಣ. 24 ನ್ಯೂಟನ್ ಮೀಟರ್ ಎಂದರೆ ಇಪ್ಪತ್ತು ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ ಹನ್ನೆರಡು ಕಿಲೋ ತೂಕ ನೇತುಹಾಕಿದಂತೆ. ಅಡುಗೆ ಅನಿಲದ ಸಿಲಿಂಡರಿನೊಳಗಿನ ಗ್ಯಾಸಿಗಿಂತ ಕಡಿಮೆ. ಅದೇ ಸ್ಪ್ಯಾನರಿಗೆ ಕೊಳವೆ ತೂರಿಸಿ ಅರವತ್ತು ಸೆಂಟಿಮೀಟರ್ ಮಾಡಿ ಅಷ್ಟೇ ಬಲ ಹಾಕಿದರೆ 72. ಕೊಳವೆಯ ಕಥೆ ಅಲ್ಲಿಗೇ ಮುಗಿಯಿತು. ಅರವತ್ತು ಕಿಲೋದ ಮನುಷ್ಯ ಆ ಚಿಕ್ಕ ಸ್ಪ್ಯಾನರಿನ ಮೇಲೆ ಕಾಲಿಟ್ಟು ನಿಂತರೆ 120 ಸಿಗುತ್ತದೆ, ನಿಲ್ಲುವವರೂ ಇದ್ದಾರೆ.

ಟಾರ್ಕ್ ವ್ರೆಂಚ್ ಈಗ ಪೇಟೆಯಲ್ಲಿ ಸುಲಭವಾಗಿ ಸಿಗುತ್ತದೆ. ಕೊಂಡವರು ಅದರ ಮೇಲಿನ ಎರಡು ಗೆರೆಗಳನ್ನು ಎಚ್ಚರದಿಂದ ಓದಬೇಕು. ಒಂದು ನ್ಯೂಟನ್ ಮೀಟರ್, ಇನ್ನೊಂದು ಪೌಂಡ್-ಅಡಿ. ನ್ಯೂಟನ್ ಮೀಟರಿನ 24ರ ಬದಲು ಪೌಂಡ್-ಅಡಿಯ 24ಕ್ಕೆ ಇಟ್ಟರೆ ಮೂವತ್ತೆರಡೂವರೆ ಆಗಿಹೋಗುತ್ತದೆ. ಹಳೆಯ ಜಪಾನಿ ಕೈಪಿಡಿಗಳು ಕಿಲೋಗ್ರಾಂ ಮೀಟರ್ ಎನ್ನುತ್ತವೆ, ಅದರ 2.4 ಎಂದರೆ ಸರಿಸುಮಾರು ಇಲ್ಲಿನ 24. ವಿಟ್‌ವರ್ತ್-ಸೆಲ್ಲರ್ಸ್ ಜಗಳದ ತುಣುಕೊಂದು ಇನ್ನೂ ನಮ್ಮ ಉಪಕರಣದ ಪೆಟ್ಟಿಗೆಯಲ್ಲಿ ಉಳಿದಿದೆ ಎಂದುಕೊಳ್ಳಬಹುದು. ವ್ರೆಂಚ್ ಇಲ್ಲದವರು ಮಾಡಬಹುದಾದದ್ದು ಇಷ್ಟು: ಬೋಲ್ಟನ್ನು ಮೊದಲು ಬೆರಳಲ್ಲೇ, ಸ್ಪ್ಯಾನರಿಲ್ಲದೆ, ತಲೆ ವಾಷರಿಗೆ ತಾಗುವತನಕ ತಿರುಗಿಸುವುದು. ನಡುವೆ ಎಲ್ಲಿ ಹಿಡಿದುಕೊಂಡರೂ ನಿಲ್ಲಿಸಿ ಬಿಚ್ಚಿ ಮತ್ತೆ ಶುರುಮಾಡುವುದು, ಅದು ಅಡ್ಡ ಹತ್ತಿದೆ ಎಂದರ್ಥ. ಆಮೇಲೆ ರಿಂಗ್ ಸ್ಪ್ಯಾನರನ್ನು ತುದಿಯಲ್ಲಿ ಹಿಡಿಯದೆ ಕುತ್ತಿಗೆಯ ಬಳಿ ಹಿಡಿದು, ತೋಳು ಎತ್ತದೆ ಮಣಿಕಟ್ಟಿನಿಂದ ಒಂದು ಒತ್ತು. ಇಳಿಸಿದ ಕಪ್ಪು ಆಯಿಲನ್ನು ದಯವಿಟ್ಟು ಚರಂಡಿಗೆ ಸುರಿಯಬೇಡಿ. ಪಶ್ಚಿಮ ಬೆಂಗಳೂರಿನ ಬಹುಭಾಗದ ಚರಂಡಿ ವೃಷಭಾವತಿಗೆ ಹೋಗುತ್ತದೆ, ವೃಷಭಾವತಿ ಕೆಂಗೇರಿ ದಾಟಿ ಬಿಡದಿಯ ಹತ್ತಿರದ ಬೈರಮಂಗಲದ ಹೊಲಗಳಿಗೆ ಹೋಗುತ್ತದೆ. ಡಬ್ಬಿಗೆ ತುಂಬಿ ಗ್ಯಾರೇಜಿಗೆ ಕೊಟ್ಟರೆ ಹಳೆ ಆಯಿಲ್ ಕೊಳ್ಳುವವರಿಗೆ ಅದು ಸೇರುತ್ತದೆ.

ಇದೆಲ್ಲ ಇನ್ನೆಷ್ಟು ದಿನವೋ. ಬೆಂಗಳೂರಿನ ಏಥರ್ ಕಂಪನಿಯ ವಿದ್ಯುತ್ ಸ್ಕೂಟರು 2018ರಿಂದ ನಮ್ಮ ರಸ್ತೆಗಳಲ್ಲಿದೆ, ಅದರ ಹಿಂದೆ ಇನ್ನೂ ಹಲವು ಬಂದವು. ಅವಕ್ಕೆ ಎಂಜಿನ್ನೇ ಇಲ್ಲ, ಎಂಜಿನ್ ಆಯಿಲ್ ಎಲ್ಲಿಂದ ಬಂತು? ಆಯುಧಪೂಜೆಯ ದಿನ ಅವಕ್ಕೂ ಕುಂಕುಮ, ಚೆಂಡುಹೂವು, ಚಕ್ರದಡಿ ನಿಂಬೆಹಣ್ಣು ತಪ್ಪಿಲ್ಲ. ಸ್ಪ್ಯಾನರುಗಳಿಗೆ ವಿಭೂತಿ ಹಚ್ಚಿ ಸಾಲಾಗಿ ಜೋಡಿಸುವ ಮನೆಗಳು ಮಾತ್ರ ಕಡಿಮೆಯಾಗುತ್ತಿವೆ.

ಆದರೆ ಕಾಮಾಕ್ಷಿಪಾಳ್ಯದ ಲೇತ್ ಅಂಗಡಿಗಳಿಗೆ ಥ್ರೆಡ್ಡು ಹೋದ ಚೇಂಬರುಗಳು ಬರುವುದು ಇನ್ನೂ ನಿಂತಿಲ್ಲ. ಕಾರಿನದಾದರೆ ಚೇಂಬರನ್ನಷ್ಟೇ ಕಳಚಿ ತರಬಹುದು. ಬೈಕಿನದು ಎಂಜಿನ್ನಿನ ಮೈಯೇ ಆದ್ದರಿಂದ ಹೊಸದು ಹಾಕಬೇಕೆಂದರೆ ಇಡೀ ಎಂಜಿನ್ ಬಿಚ್ಚಬೇಕು. ಅದಕ್ಕೆ ಮಿಸ್ತ್ರಿಗಳು ಬೇರೆ ದಾರಿ ಹಿಡಿಯುತ್ತಾರೆ. ಹಾಳಾದ ತೂತನ್ನು ತುಸು ದೊಡ್ಡದಾಗಿ ಕೊರೆದು, ಅದರಲ್ಲಿ ಹೊಸ ಥ್ರೆಡ್ಡು ತೆಗೆದು, ಒಳಗೆ ಉಕ್ಕಿನ ತಂತಿಯ ಸುರುಳಿಯೊಂದನ್ನು ಕೂರಿಸುತ್ತಾರೆ. ಹೆಲಿಕಾಯಿಲ್ ಎಂದು ಅದರ ಹೆಸರು. ಎರಡನೇ ಮಹಾಯುದ್ಧದ ವಿಮಾನ ಎಂಜಿನ್ನುಗಳಲ್ಲಿ ಬಳಕೆಗೆ ಬಂದ ಉಪಾಯ. ಬೋಲ್ಟು ಈಗ ಅಲ್ಯೂಮಿನಿಯಂ ಅನ್ನು ಮುಟ್ಟುವುದಿಲ್ಲ, ಉಕ್ಕಿನ ಸುರುಳಿಯಲ್ಲಿ ತಿರುಗುತ್ತದೆ. ರಿಪೇರಿಯಾದ ತೂತು ಹೊಸದಕ್ಕಿಂತ ಗಟ್ಟಿ. ಕೆಲಸ ಮುಗಿದ ಮೇಲೆ ಮಿಸ್ತ್ರಿ ಕೊರೆದ ಪುಡಿಯೆಲ್ಲ ಹೋಗುವಂತೆ ಸ್ವಲ್ಪ ಆಯಿಲ್ ಸುರಿದು ತೊಳೆದು, ತಾಮ್ರದ ಹೊಸ ವಾಷರು ಹಾಕಿ, ಬೋಲ್ಟನ್ನು ಎರಡು ಬೆರಳಲ್ಲಿ ತಿರುಗಿಸಿ ಕೂರಿಸುತ್ತಾನೆ. ಆಮೇಲೆ ಸ್ಪ್ಯಾನರನ್ನು ಕುತ್ತಿಗೆಯಲ್ಲಿ ಹಿಡಿದು ಒಂದು ಒತ್ತು ಒತ್ತಿ, 'ಆಯ್ತು ಸಾರ್' ಎನ್ನುತ್ತಾನೆ. ಗಾಡಿಯವರು 'ಇಷ್ಟು ಸಾಕೇನಪ್ಪಾ?' ಎಂದು ಕೇಳಿಯೇ ಕೇಳುತ್ತಾರೆ.